ಟೋಕಿಯೊದಲ್ಲಿ ಹಳೇ ವಿಡಿಯೊ ಗೇಮ್: ಆಡೋಕೆ ಎಲ್ಲಿ, ಕೊಳ್ಳೋಕೆ ಎಲ್ಲಿ, ಸುಮ್ಮನೆ ನೋಡಿಬರೋಕೆ ಎಲ್ಲಿ

ಬೆಂಗಳೂರಿನಿಂದ ಆಫೀಸ್ ಕೆಲಸದ ಮೇಲೆ ಟೋಕಿಯೊಗೆ ಬರುವವರಲ್ಲಿ ಒಬ್ಬರಲ್ಲ ಒಬ್ಬರು ನನಗೆ ವಾಟ್ಸ್‌ಆ್ಯಪ್ ಮಾಡಿಯೇ ಮಾಡುತ್ತಾರೆ. "ಶನಿವಾರ ಬಿಡುವಿದೆ ಗುರೂ, ಹಳೇ ಗೇಮ್ ಆಡೋಕೆ ಸೂಪರ್ ಪೊಟೇಟೊಗೆ ಹೊರಟಿದೀನಿ, ಬರ್ತೀಯಾ?" (ಸೂಪರ್ ಪೊಟೇಟೊ ಅಂದರೆ ಹಳೇ ಗೇಮ್ ಮಾರುವ ಹೆಸರಾದ ಅಂಗಡಿ.) ನಾನು ತಿರುಗಿ ಕೇಳುವುದು ಇಷ್ಟೇ: "ಆಡೋಕಾ, ಕೊಳ್ಳೋಕಾ, ಇಲ್ಲ ಫೋಟೊ ಹೊಡ್ಕೊಂಡು ಬರೋಕಾ?" ಈ ಮೂರೂ ಬೇರೆ ಬೇರೆ ಅನ್ನುವುದು ಹೆಚ್ಚಿನವರಿಗೆ ಹೊಳೆದಿರುವುದಿಲ್ಲ. ಈ ಊರಿನಲ್ಲಿ ಮಾತ್ರ ಒಂದೊಂದಕ್ಕೂ ಒಂದೊಂದು ಸ್ಟೇಷನ್ನಿನಲ್ಲಿ ಇಳಿದರೇ ಚೆನ್ನ. ಆಡಬೇಕೆಂದು ಆಸೆಪಟ್ಟು ಬಂದವರು ನಾಲ್ಕು ಅಂಗಡಿ ಸುತ್ತಿ, ಗಾಜಿನ ಹಿಂದಿನ ಬೆಲೆಚೀಟಿ ಓದಿ, ಕೈಗೆ ಒಂದು ಜಾಯ್‌ಸ್ಟಿಕ್ಕೂ ಸಿಗದೆ ಕಾಲು ನೋಯಿಸಿಕೊಂಡು ವಾಪಸಾದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಆರು ವರ್ಷ ನಾನು ನಿಶಿಕಸಾಯ್‌ನಲ್ಲಿದ್ದೆ. ಭಾರತದವರು, ಅದರಲ್ಲೂ ಸಾಫ್ಟ್‌ವೇರಿನವರು, ಗುಂಪಾಗಿ ಇರುವ ಬಡಾವಣೆ ಅದು. ಅಲ್ಲಿಂದ ಹೊರಡುವ ತೋಜಾಯ್ ಲೈನ್ ರೈಲು ಈ ಬರಹದಲ್ಲಿ ಬರುವ ಎರಡು ಮುಖ್ಯ ಜಾಗಗಳಿಗೆ ನೇರವಾಗಿ ಹೋಗುತ್ತದೆ. ಅದು ನನ್ನ ಅದೃಷ್ಟ. ನನ್ನ ಮನೆಯವಳ ಪ್ರಕಾರ ದುರದೃಷ್ಟ.

ಮೊದಲು ನಮ್ಮ ಕ್ಯಾಸೆಟ್ಟಿನ ವಿಷಯ

ದಾವಣಗೆರೆಯಲ್ಲಿ 1990ರ ದಶಕದ ನಡುವೆ ನಮ್ಮ ಓಣಿಯ ತುದಿಯಲ್ಲಿ ಒಂದು ಟಿವಿ ಗೇಮ್ ಅಂಗಡಿ ಇತ್ತು. ಅಂಗಡಿ ಅಂದರೆ ಒಂದು ಕೋಣೆ, ಎರಡು ಡಬ್ಬಾ ಟಿವಿ, ಗಂಟೆಗೆ ಐದು ರೂಪಾಯಿ, ಗೋಡೆಗೆ ಒಂದು ಗಡಿಯಾರ. ಆ ಗಡಿಯಾರ ನಮ್ಮ ಸರದಿ ಬಂದಾಗ ಮಾತ್ರ ಜೋರಾಗಿ ಓಡುತ್ತಿತ್ತು. ಕಾಂಟ್ರಾ, ರೋಡ್ ಫೈಟರ್, ಸರ್ಕಸ್, ಮಾರಿಯೊ, ಮತ್ತೆ ಎಲ್ಲರೂ "ಟ್ಯಾಂಕ್" ಅನ್ನುತ್ತಿದ್ದ ಬ್ಯಾಟಲ್ ಸಿಟಿ. ಆ ಡಬ್ಬಿ ನಿಂಟೆಂಡೊದ ನಕಲು ಅಂತ ಆಗ ಗೊತ್ತಿರಲಿಲ್ಲ. ಯಾವ ನಿಂಟೆಂಡೊದ ನಕಲು ಅಂತ ಗೊತ್ತಾಗಿದ್ದು ಟೋಕಿಯೊಗೆ ಬಂದ ಮೇಲೆ.

ನಿಂಟೆಂಡೊ 1983ರ ಜುಲೈ 15ರಂದು ಜಪಾನಿನಲ್ಲಿ ಫ್ಯಾಮಿಕಾಮ್ ಎಂಬ ಕೆಂಪು-ಬಿಳಿ ಡಬ್ಬಿ ಬಿಟ್ಟಿತು. ಬೆಲೆ 14,800 ಯೆನ್. ಅಮೆರಿಕಕ್ಕೆ ಅದನ್ನೇ ಬೂದು ಬಣ್ಣದ ದೊಡ್ಡ ಪೆಟ್ಟಿಗೆಯಾಗಿ ಕಳಿಸುವಾಗ ಕ್ಯಾಸೆಟ್ಟಿನ ಆಕಾರವನ್ನೂ ಬದಲಾಯಿಸಿದರು. ಜಪಾನಿನದಕ್ಕೆ 60 ಪಿನ್, ಅಮೆರಿಕದ್ದಕ್ಕೆ 72. ನಮ್ಮ ಊರುಗಳಿಗೆ ಬಂದ ನಕಲು ಡಬ್ಬಿಗಳು ಜಪಾನಿನ 60 ಪಿನ್ನಿನವು. ಅದರ ಜೊತೆಗೆ ಜಪಾನಿನ ಆಟಗಳೂ ಬಂದವು. ಬ್ಯಾಟಲ್ ಸಿಟಿ ಅಮೆರಿಕದ ನಿಂಟೆಂಡೊ ಪೆಟ್ಟಿಗೆಗೆ ಅಧಿಕೃತವಾಗಿ ಬಿಡುಗಡೆಯೇ ಆಗಲಿಲ್ಲ. ದಾವಣಗೆರೆಯ ಹುಡುಗರಿಗೆ ಅದು ಬಾಯಿಪಾಠ. ಹಾಗಾಗಿ ಟೋಕಿಯೊದ ಹಳೇ ಗೇಮ್ ಅಂಗಡಿಯಲ್ಲಿ ನಿಂತಾಗ ಪಕ್ಕದಲ್ಲಿರುವ ಅಮೆರಿಕದ ಪ್ರವಾಸಿಗಿಂತ ನಮಗೇ ಆ ಕಪಾಟು ಹೆಚ್ಚು ಪರಿಚಿತ. ಅಕ್ಷರ ಓದಲು ಬರದಿದ್ದರೂ ಚಿತ್ರ ನೋಡಿ "ಅಯ್ಯೋ, ಇದಾ!" ಅನ್ನುವುದು ನಾವೇ.

ಇನ್ನೊಂದು ಸೋಜಿಗ. ಇಂಗ್ಲಿಷಿನವರು ಕಾರ್ಟ್ರಿಜ್ ಅನ್ನುವುದನ್ನು ನಾವು ಕ್ಯಾಸೆಟ್ ಅಂತೀವಲ್ಲ, ಜಪಾನಿನವರೂ ಅದನ್ನೇ ಅನ್ನುತ್ತಾರೆ, "ಕಸೆತ್ತೊ". ಆಟ ಓಡದಿದ್ದರೆ ಅದರ ಬಾಯಿಗೆ ಗಾಳಿ ಊದುವುದಕ್ಕೆ ಅವರ ಮಾತು "ಫೂ-ಫೂ". ನಾವೂ ಅದನ್ನೇ ಮಾಡುತ್ತಿದ್ದೆವು. (ಊದಬೇಡಿ. ಎಂಜಲಿನ ತೇವಕ್ಕೆ ಒಳಗಿನ ತಾಮ್ರದ ಹಲ್ಲು ಕಪ್ಪಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಕಿವಿಕಡ್ಡಿಯಿಂದ ಒರೆಸಿ.)

ಆಡಲೇಬೇಕು ಅಂದರೆ: ಮಿಕಾಡೊ ಅಥವಾ ಹೇ

ಮನೆಯ ಟಿವಿ ಗೇಮ್ ಒಂದು ಲೋಕ, ಕಾಯಿನ್ ಹಾಕಿ ಆಡುವ ಆರ್ಕೇಡ್ ಇನ್ನೊಂದು. ಹಳೆಯ ಆಟ ಆಡಲೆಂದೇ ಟೋಕಿಯೊಗೆ ಬರುವುದಾದರೆ ಆರ್ಕೇಡಿಗೇ ಹೋಗಿ. ಫ್ಯಾಮಿಕಾಮ್ ಆಟವನ್ನು ಎಲ್ಲಿ ಬೇಕಾದರೂ ಆಡಬಹುದು. ಪಿಕ್ಚರ್ ಟ್ಯೂಬಿನ ಪರದೆ, ಸನ್ವಾ ಕಂಪನಿಯ ಗುಂಡು ಹಿಡಿಯ ಜಾಯ್‌ಸ್ಟಿಕ್, ಮುಂದೆ ಒಂದು ಪುಟ್ಟ ಸ್ಟೂಲ್, ಇವು ಒಟ್ಟಿಗೆ ಸಿಗುವ ಜಾಗ ಜಪಾನಿನಲ್ಲೂ ವರ್ಷವರ್ಷಕ್ಕೂ ಕಮ್ಮಿಯಾಗುತ್ತಿವೆ.

ಕಮ್ಮಿಯಾಗುತ್ತಿರುವುದಕ್ಕೆ ಒಂದು ಕಾರಣ ಕಾಯಿನ್ ಹಾಕುವ ಕಿಂಡಿಯಲ್ಲೇ ಇದೆ. 1978ರಲ್ಲಿ ಟೈಟೊ ಕಂಪನಿಯ ಸ್ಪೇಸ್ ಇನ್ವೇಡರ್ಸ್ ಬಂದಾಗ ಒಂದು ಆಟಕ್ಕೆ 100 ಯೆನ್. ಇವತ್ತೂ ಹೆಚ್ಚಿನ ಕಡೆ 100 ಯೆನ್ನೇ, ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 55ರಿಂದ 60 ರೂಪಾಯಿ. ಮಧ್ಯೆ ಜಪಾನಿನಲ್ಲಿ ಮಾರಾಟ ತೆರಿಗೆ 1989ರಲ್ಲಿ ಶೇ 3 ಅಂತ ಶುರುವಾಗಿ 2019ರ ಅಕ್ಟೋಬರಿಗೆ ಶೇ 10ಕ್ಕೆ ಏರಿತು. ಹೋಟೆಲಿನವನು ದೋಸೆಗೆ ಎರಡು ರೂಪಾಯಿ ಏರಿಸಿದಂತೆ ಆರ್ಕೇಡಿನವನು ಏರಿಸುವಂತಿಲ್ಲ, ಕಿಂಡಿ 110 ಯೆನ್ ನುಂಗುವುದಿಲ್ಲವಲ್ಲ! ತೆರಿಗೆಯೆಲ್ಲ ಅಂಗಡಿಯವನ ಜೇಬಿನಿಂದಲೇ. ಬದುಕಬೇಕಾದರೆ ನೆಲಮಹಡಿಯಲ್ಲಿ ಗೊಂಬೆ ಎತ್ತುವ ಕ್ರೇನ್ ಯಂತ್ರಗಳನ್ನು ತುಂಬಲೇಬೇಕು. ಹಾಗಾಗಿ ಯಾವ ಆರ್ಕೇಡಿಗೆ ಹೋದರೂ ಬಾಗಿಲಲ್ಲಿ ಗೊಂಬೆಗಳನ್ನು ಕಂಡು ವಾಪಸು ಬರಬೇಡಿ. ಹಳೆಯ ಯಂತ್ರಗಳು ಮೇಲಿನ ಮಹಡಿಯಲ್ಲಿರುತ್ತವೆ.

ಎಲೆಕ್ಟ್ರಾನಿಕ್ಸ್, ಗೇಮ್ ಅಂಗಡಿಗಳೇ ತುಂಬಿದ ಅಕಿಹಬರಾ ಬಡಾವಣೆಯಲ್ಲಿ ಟೈಟೊ ಕಂಪನಿಯ "ಹೇ" ಆರ್ಕೇಡ್ ಹಾಗೆಯೇ. ಪೂರ್ತಿ ಹೆಸರು ಹಿರೋಸೆ ಎಂಟರ್‌ಟೇನ್‌ಮೆಂಟ್ ಯಾರ್ಡ್, ಊರೆಲ್ಲ ಕರೆಯುವುದು ಹೇ. ಚೂಓ-ದೋರಿ ಎಂಬ ದೊಡ್ಡ ರಸ್ತೆಗೇ ಮುಖ ಮಾಡಿದೆ, ಹುಡುಕುವ ಕೆಲಸವಿಲ್ಲ. ಶೂಟಿಂಗ್ ಆಟಗಳಿಗೆ, ಅಂದರೆ ಪರದೆ ತುಂಬ ಗುಂಡುಗಳು ಸುರಿಯುವಾಗ ನಡುವೆ ಪುಟ್ಟ ವಿಮಾನವನ್ನು ನುಸುಳಿಸಿಕೊಂಡು ಹೋಗುವ ಆಟಗಳಿಗೆ, ಇದು ಕಾಶಿ ಇದ್ದಂತೆ. ದೊಡೊನ್‌ಪಾಚಿಯ (1997) ಪೀಳಿಗೆಯ ಆಟಗಳನ್ನು ಇಲ್ಲಿ ಆಡುವವರು ಮಕ್ಕಳಲ್ಲ. ಒಮ್ಮೆ ನನ್ನ ಪಕ್ಕ ಕೂತಿದ್ದವರಿಗೆ ಅರವತ್ತರ ಹತ್ತಿರ ವಯಸ್ಸು. ಕೋಟು ಬಿಚ್ಚಿ ಮಡಿಸಿ ತೊಡೆಯ ಮೇಲಿಟ್ಟುಕೊಂಡು, ಆಫೀಸ್ ಬ್ಯಾಗನ್ನು ಎರಡು ಪಾದಗಳ ನಡುವೆ ಅವುಚಿ, ಜಾಯ್‌ಸ್ಟಿಕ್ಕನ್ನು ಹಿಡಿಯುವ ಮೊದಲು ಕರ್ಚೀಫಿನಿಂದ ಒರೆಸಿದರು. ಹಿಡಿತವೂ ಬೇರೆ ಥರ: ಅಂಗೈ ಮೇಲ್ಮುಖ, ಜಾಯ್‌ಸ್ಟಿಕ್ಕಿನ ಕಡ್ಡಿ ಉಂಗುರಬೆರಳು ಕಿರುಬೆರಳುಗಳ ನಡುವೆ, ವೈನ್ ಗ್ಲಾಸ್ ಹಿಡಿದ ಹಾಗೆ. ನಲವತ್ತು ನಿಮಿಷ ಒಂದೇ ಕಾಯಿನ್ನಿನಲ್ಲಿ ಆಡಿದರು. ಅಷ್ಟರಲ್ಲಿ ನನ್ನದು ಎಂಟು ಕಾಯಿನ್ ಹೋಗಿತ್ತು. ಆಟ ಮುಗಿದಾಗ ಅವರ ಹಿಂದೆ ನಾಲ್ಕೈದು ಜನ ನಿಂತಿದ್ದರು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಮಾತಾಡಲಿಲ್ಲ, ಸುಮ್ಮನೆ ಚದುರಿದರು.

ತಕಾದನೊಬಾಬಾದ ಗೇಮ್ ಸೆಂಟರ್ ಮಿಕಾಡೊದ ಹವಾ ಇದಕ್ಕೆ ಪೂರ್ತಿ ವಿರುದ್ಧ. ವಸೇದಾ ವಿಶ್ವವಿದ್ಯಾಲಯದ ಹುಡುಗರ ಏರಿಯಾ ಅದು. ಅಗ್ಗದ ರಾಮೆನ್ (ಮಾಂಸದ ಸಾರಿನ ನೂಡಲ್ಸ್) ಅಂಗಡಿಗಳು, ಸೈಕಲ್ಲುಗಳು, ಕೂಗಾಟ. ಸ್ಟೇಷನ್ನಿನಿಂದ ಕೆಲವೇ ನಿಮಿಷದ ನಡಿಗೆಯಲ್ಲಿ ಎರಡು ಮಹಡಿಯ ಆರ್ಕೇಡ್. ಕೋವಿಡ್ ಬಂದು ಬಾಗಿಲು ಹಾಕುವ ಹೊತ್ತಿನಲ್ಲಿ ಆಟಗಾರರೇ ಆನ್‌ಲೈನಿನಲ್ಲಿ ಹಣ ಕೂಡಿಸಿ ಉಳಿಸಿಕೊಂಡ ಜಾಗ ಇದು. ಸಂಜೆ ಹೊತ್ತು ಹೋದರೆ ಯಾವುದಾದರೂ ಹಳೇ ಆಟದ ಪಂದ್ಯಾವಳಿ ನಡೆಯುತ್ತಿರುವ ಸಾಧ್ಯತೆ ಹೆಚ್ಚು. ಮೈಕು ಹಿಡಿದವನೊಬ್ಬ ಕಬಡ್ಡಿ ಕಾಮೆಂಟರಿಯ ಧಾಟಿಯಲ್ಲಿ ಅರಚುತ್ತಿರುತ್ತಾನೆ, ಅದು ಯೂಟ್ಯೂಬಿನಲ್ಲಿ ನೇರಪ್ರಸಾರವಾಗುತ್ತಿರುತ್ತದೆ. ಮೂವತ್ತು ವರ್ಷದ ಹಿಂದಿನ ಆಟಕ್ಕೆ!

ಇಲ್ಲಿ ಒಂದು ರಿವಾಜು ತಿಳಿದಿರಲಿ. ಹೊಡೆದಾಟದ ಆಟಗಳ ಯಂತ್ರಗಳನ್ನು ಜಪಾನಿನಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಇಟ್ಟಿರುತ್ತಾರೆ, ಆ ಕಡೆ ಯಾರಿದ್ದಾರೆ ಕಾಣುವುದಿಲ್ಲ. ನೀವು ಕೂತು ಕಾಯಿನ್ ಹಾಕಿದರೆ ಆ ಕಡೆಯವರಿಗೆ ಸವಾಲು ಹಾಕಿದ ಹಾಗೆ. ನನಗಿದು ಗೊತ್ತಿರಲಿಲ್ಲ. ಸ್ಟ್ರೀಟ್ ಫೈಟರ್ 2ರಲ್ಲಿ ಸುಮ್ಮನೆ ಕಂಪ್ಯೂಟರ್ ಜೊತೆ ಆಡೋಣ ಅಂತ ಕೂತೆ. ಇಪ್ಪತ್ತು ಸೆಕೆಂಡಿಗೆ ಮೊದಲ ಸುತ್ತು ಹೋಯಿತು. ಎರಡನೆಯ ಸುತ್ತಿನಲ್ಲಿ ಎದುರಿನವನು ಬೇಕೆಂದೇ ನಿಧಾನ ಮಾಡಿದ, ನನಗೆ ನಾಲ್ಕು ಏಟು ಹೊಡೆಯಲು ಬಿಟ್ಟ, ಆಮೇಲೆ ಮುಗಿಸಿದ. ಎದ್ದು ಹೋಗುವಾಗ ಯಂತ್ರದ ಅಂಚಿನಿಂದ ಇಣುಕಿದರೆ ಕಾಲೇಜು ಹುಡುಗಿ. ತಲೆ ಚೂರು ಬಾಗಿಸಿದಳು, ನಾನೂ ಬಾಗಿಸಿದೆ. ನಿಮಗೆ ಒಬ್ಬರೇ ಅಭ್ಯಾಸ ಮಾಡುವ ಮನಸ್ಸಿದ್ದರೆ ಗೋಡೆಯ ಸಾಲಿನಲ್ಲಿ ಒಂಟಿಯಾಗಿ ನಿಂತ ಯಂತ್ರ ಹುಡುಕಿ.

ಎರಡರಲ್ಲಿ ಒಂದು ಅಂದರೆ? ಶೂಟಿಂಗ್ ಆಟದ ಹುಚ್ಚಿದ್ದರೆ ಹೇ, ಬೇರೆ ಮಾತಿಲ್ಲ. ಮಿಕ್ಕ ಎಲ್ಲರಿಗೂ ನನ್ನ ಓಟು ಮಿಕಾಡೊಗೆ. ಹೇನಲ್ಲಿ ನೀವು ಒಬ್ಬರೇ ಆಡುತ್ತೀರಿ, ಅಕ್ಕಪಕ್ಕದವರ ಮುಖವನ್ನೂ ನೋಡುವುದಿಲ್ಲ. ಮಿಕಾಡೊದಲ್ಲಿ ನಮ್ಮ ಓಣಿಯ ಅಂಗಡಿಯ ಗದ್ದಲ ಇದೆ, ಹಿಂದೆ ನಿಂತು "ಜಂಪ್, ಜಂಪ್" ಅನ್ನುವವರ ಉಸಿರು ಇದೆ. ಮಾತು ಜಪಾನಿಯದು, ಅಷ್ಟೇ ವ್ಯತ್ಯಾಸ. ಒಂದು ಆಸೆ ಮಾತ್ರ ಎರಡೂ ಕಡೆ ಇಟ್ಟುಕೊಳ್ಳಿ: ಮೂರು ಪರದೆಗಳನ್ನು ಪಕ್ಕಪಕ್ಕ ಜೋಡಿಸಿದ ಡಾರಿಯಸ್ (1987) ಯಂತ್ರ ಎಲ್ಲಾದರೂ ಕಂಡರೆ ತಕ್ಷಣ ಕೂತುಬಿಡಿ. ಆ ಯಂತ್ರದ ಸೀಟಿನೊಳಗೆ ಸ್ಪೀಕರ್ ಇದೆ, ಸದ್ದು ಬೆನ್ನುಮೂಳೆಗೆ ಬರುತ್ತದೆ. ಮೊಬೈಲಿನಲ್ಲಿ ಅದು ಎಂದೂ ಸಿಗದು.

ಹಳೆಯ ಪ್ರವಾಸಿ ಪಟ್ಟಿಗಳನ್ನು ನಂಬಿ ಹೋಗಬೇಡಿ. ಕವಾಸಾಕಿಯಲ್ಲಿ ಹಾಂಗ್‌ಕಾಂಗಿನ ಹಳೇ ಕೊಳೆಗೇರಿಯ ಥರ ಅಲಂಕರಿಸಿದ್ದ ವೇರ್‌ಹೌಸ್ ಆರ್ಕೇಡಿನ ಹೆಸರು ಇನ್ನೂ ಎಷ್ಟೋ ಕಡೆ ಓಡುತ್ತಿದೆ, ಅದು 2019ರ ನವೆಂಬರಿನಲ್ಲೇ ಮುಚ್ಚಿತು. ಅಕಿಹಬರಾದ ಕೆಂಪು ಸೆಗಾ ಕಟ್ಟಡಗಳ ಫೋಟೊ ನೋಡಿಕೊಂಡು ಬರುವವರೂ ಇದ್ದಾರೆ. ಅವುಗಳಲ್ಲಿ ಹೆಸರುವಾಸಿಯಾಗಿದ್ದ ಎರಡನೆಯ ಕಟ್ಟಡ 2020ರ ಆಗಸ್ಟಿನಲ್ಲಿ ಬಾಗಿಲು ಹಾಕಿತು. ಸೆಗಾ ತನ್ನ ಆರ್ಕೇಡುಗಳನ್ನೇ ಮಾರಿತು, 2022ರಿಂದ ಅವುಗಳ ಹೆಸರು ಗಿಗೊ. ಹೊರಡುವ ಬೆಳಗ್ಗೆ ಮ್ಯಾಪಿನಲ್ಲಿ ತೆರೆದಿದೆಯಾ ಅಂತ ಒಮ್ಮೆ ನೋಡಿ ಹೊರಡಿ.

ನೋಡಿಬರೋಕೆ, ಮಕ್ಕಳ ಜೊತೆ ಹೋಗೋಕೆ

ಈಗ ಆ ಸೂಪರ್ ಪೊಟೇಟೊ. ಅಕಿಹಬರಾದ ದೊಡ್ಡ ರಸ್ತೆಯ ಹಿಂದಿನ ಗಲ್ಲಿ, ಇಕ್ಕಟ್ಟಿನ ಮೆಟ್ಟಿಲು, ಮೂರನೆಯ ಮಹಡಿಯಿಂದ ಐದನೆಯ ಮಹಡಿಯವರೆಗೆ ಅಂಗಡಿ. ಕಪಾಟು ತುಂಬ ಫ್ಯಾಮಿಕಾಮ್, ಸೂಪರ್ ಫ್ಯಾಮಿಕಾಮ್, ಮೆಗಾ ಡ್ರೈವ್, ಯಾರೂ ಹೆಸರು ಕೇಳದ ಯಂತ್ರಗಳೂ. ಐದನೆಯ ಮಹಡಿಯಲ್ಲಿ ಕೆಲವು ಆರ್ಕೇಡ್ ಯಂತ್ರ, ಜೊತೆಗೆ ಮಕ್ಕಳ ಮಿಠಾಯಿ. ಅರ್ಧ ಗಂಟೆಗೆ ಹೇಳಿ ಮಾಡಿಸಿದ ಜಾಗ. ಮೊದಲ ಸಲ ಹೋದಾಗ ನನಗೂ ಕಣ್ಣು ತುಂಬಿ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅಲ್ಲಿನ ಗಿರಾಕಿಗಳಲ್ಲಿ ಪ್ರವಾಸಿಗಳೇ ಹೆಚ್ಚು, ಬೆಲೆಯೂ ಅದಕ್ಕೆ ತಕ್ಕ ಹಾಗೆ. ನೋಡಿ, ಮೇಲೆ ಹೋಗಿ ಎರಡು ಆಟ ಆಡಿ, ಇಳಿದುಬನ್ನಿ.

ಮಕ್ಕಳಿದ್ದರೆ ನಾನು ಕರೆದುಕೊಂಡು ಹೋಗುವುದು ಬೇರೆ ಕಡೆ, ಇತಾಬಾಶಿಯ ದಗಾಶಿಯಾ ಗೇಮ್ ಮ್ಯೂಸಿಯಮ್ಮಿಗೆ. ದಗಾಶಿಯಾ ಅಂದರೆ ಶಾಲೆಯ ಹತ್ತಿರದ ಮಿಠಾಯಿ ಅಂಗಡಿ, ನಮ್ಮ ಕಡೆಯ ಶುಂಠಿ ಪೆಪ್ಪರ್‌ಮಿಂಟ್ ಡಬ್ಬಿಗಳ ಗೂಡಂಗಡಿಯ ಜಪಾನಿ ಅಣ್ಣ. ಅಂಥ ಅಂಗಡಿಗಳ ಮುಂದೆ ಇಡುತ್ತಿದ್ದ 10 ಯೆನ್ನಿನ ಆಟದ ಯಂತ್ರಗಳನ್ನು ಒಬ್ಬರು ಸಂಗ್ರಹಿಸಿ ರಿಪೇರಿ ಮಾಡಿ ಇಟ್ಟಿದ್ದಾರೆ. ವಿಡಿಯೊ ಇಲ್ಲ, ಪರದೆ ಇಲ್ಲ. ನೀವು ಹಾಕಿದ ನಾಣ್ಯವೇ ಆಟದ ಕಾಯಿ. ಅದನ್ನು ಸ್ಪ್ರಿಂಗಿನ ಕೀಲಿಯಿಂದ ಚಿಮ್ಮಿಸುತ್ತ, ಗುಂಡಿಗಳನ್ನು ತಪ್ಪಿಸುತ್ತ, ಒಂದೊಂದೇ ಸ್ಟೇಷನ್ ದಾಟಿಸಿ ಕೊನೆ ಮುಟ್ಟಿಸಬೇಕು. ಜೋರಾಗಿ ಹೊಡೆದರೂ ಹೋಯಿತು, ಮೆಲ್ಲಗೆ ಹೊಡೆದರೂ ಹೋಯಿತು. ಗೆಳೆಯನ ಮಗ, ಒಂಬತ್ತು ವರ್ಷದವನು, ಐಪ್ಯಾಡ್ ಬಿಟ್ಟು ಬೇರೇನೂ ಮುಟ್ಟದವನು, ಅಲ್ಲಿಂದ ಏಳಲಿಲ್ಲ. "ಅಂಕಲ್, ಇನ್ನೊಂದೇ ಒಂದು" ಅಂತ ಹನ್ನೊಂದು ಸಲ ಹೇಳಿದ. ವಾರದಲ್ಲಿ ರಜೆಯ ದಿನಗಳಿವೆ, ವಾರಾಂತ್ಯಕ್ಕೆ ಇಟ್ಟುಕೊಂಡರೆ ಕ್ಷೇಮ.

ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಟೋಕಿಯೊದ ಆರ್ಕೇಡುಗಳಲ್ಲಿ ವಯಸ್ಸಿನ ಕಾನೂನು ಕಟ್ಟುನಿಟ್ಟು. 16 ತುಂಬದವರು ದೊಡ್ಡವರಿಲ್ಲದೆ ಸಂಜೆ 6ರ ಮೇಲೆ ಇರುವಂತಿಲ್ಲ, ರಾತ್ರಿ 10ರ ಮೇಲೆ 18 ತುಂಬದ ಯಾರೂ ಇರುವಂತಿಲ್ಲ. ಮೊದಲೆಲ್ಲ ಆರ್ಕೇಡ್ ಅಂದರೆ ಸಿಗರೇಟಿನ ಹೊಗೆಯ ಗೂಡು, ಮಕ್ಕಳನ್ನು ಕರೆದೊಯ್ಯಲು ಹೇಸಿಗೆಯಾಗುತ್ತಿತ್ತು. 2020ರ ಏಪ್ರಿಲ್‌ನಿಂದ ಒಳಗೆ ಸೇದುವಂತಿಲ್ಲ, ಸೇದುವವರಿಗೆ ಬೇರೆ ಕೋಣೆ.

ಕೊಳ್ಳೋಕೆ: ನಕಾನೊ ಇಲ್ಲವೇ ಊರಾಚೆ

ಕೊಳ್ಳುವವರಿಗೆ ಅಕಿಹಬರಾ ಪೂರ್ತಿ ವ್ಯರ್ಥ ಅಂತಲ್ಲ. ಹಳೇ ಕಾಮಿಕ್ಸ್, ಗೇಮ್ ಮಾರುವ ಮಂದರಾಕೆ ಕಂಪನಿಯ ಎಂಟು ಮಹಡಿಯ ಕರಿ ಕಟ್ಟಡ ಅಲ್ಲೇ ಇದೆ. ಹಳೇ ಕಂಪ್ಯೂಟರ್ ಆಟ, ಆರ್ಕೇಡಿನ ಒಳಗಿನ ಬೋರ್ಡು, ಇಂಥ ಹುಚ್ಚಿದ್ದವರಿಗೆ ನೆಲಮಾಳಿಗೆಯ ಬೀಪ್ ಅಂಗಡಿಯನ್ನು ಮೀರಿಸಿದ್ದಿಲ್ಲ. ಆದರೆ ಸಾಧಾರಣ ಕ್ಯಾಸೆಟ್ ಬೇಕಿರುವವರಿಗೆ ನಾನು ಹೇಳುವುದು ನಕಾನೊ ಬ್ರಾಡ್‌ವೇ. ಶಿಂಜುಕುವಿನಿಂದ ಚೂಓ ಲೈನಿನ ವೇಗದ ರೈಲಿನಲ್ಲಿ ಮುಂದಿನ ಸ್ಟೇಷನ್ನೇ. ಸ್ಟೇಷನ್ನಿನ ಎದುರು ಮೇಲೆ ಸೂರಿರುವ ಪೇಟೆಬೀದಿ, ಅದರ ಕೊನೆಗೆ 1966ರಲ್ಲಿ ಕಟ್ಟಿದ ಈ ಮಾಲ್. ಮಂದರಾಕೆ ಹುಟ್ಟಿದ್ದೇ ಇಲ್ಲಿ, 1980ರಲ್ಲಿ, ಹಳೇ ಕಾಮಿಕ್ಸ್ ಮಾರುವ ಪುಟ್ಟ ಅಂಗಡಿಯಾಗಿ. ಈಗ ಕಟ್ಟಡದ ತುಂಬ ಅದರದೇ ಮಳಿಗೆಗಳು, ಗೇಮುಗಳದ್ದೂ ಒಂದು ಇದೆ. ಕೈಗಡಿಯಾರದ ಅಂಗಡಿ, ಹಸ್ತರೇಖೆ ನೋಡುವವರು, ಚಪ್ಪಲಿ, ಸಾಫ್ಟ್ ಐಸ್‌ಕ್ರೀಮ್, ನಡುವೆ ಗೇಮ್. ಮನೆಯವರನ್ನು ಜೊತೆಗೆ ಕರೆದೊಯ್ದರೂ ಅವರಿಗೆ ನೋಡಲು ಏನಾದರೂ ಇರುತ್ತದೆ. ಅಕಿಹಬರಾದ ಬಗ್ಗೆ ಈ ಮಾತು ಹೇಳಲಾರೆ.

ಇನ್ನೂ ಅಗ್ಗ ಬೇಕೆಂದರೆ ಊರಾಚೆಯ ಹಾರ್ಡ್ ಆಫ್ ಅಂಗಡಿಗಳು. ಸೆಕೆಂಡ್‌ಹ್ಯಾಂಡ್ ಸಾಮಾನಿನ ದೊಡ್ಡ ಸರಪಳಿ ಇದು. ಹಳೇ ಆಂಪ್ಲಿಫೈಯರ್, ಗಿಟಾರು, ಪ್ರಿಂಟರ್‌ಗಳ ಪಕ್ಕ ನೀಲಿ ಬುಟ್ಟಿಗಳಲ್ಲಿ ಕ್ಯಾಸೆಟ್ಟು, ರಿಮೋಟು, ವೈರುಗಳ ಗುಡ್ಡೆ. ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಅವರೆಕಾಯಿ ಆರಿಸಿದ ಹಾಗೆ ಆರಿಸಬೇಕು. ಆದರೆ ಆ ಬುಟ್ಟಿಯ ಮೇಲೆ "ಜಂಕು" ಅಂತ ಬರೆದಿರುತ್ತದೆ. ಅದರ ಅರ್ಥ ಕೆಟ್ಟಿದೆ ಅಂತಲ್ಲ, ಕೆಟ್ಟಿದ್ದರೆ ನಮ್ಮನ್ನು ಕೇಳಬೇಡಿ ಅಂತ. ವಾಪಸು ತೆಗೆದುಕೊಳ್ಳುವುದಿಲ್ಲ. ಕ್ಯಾಸೆಟ್ಟಾದರೆ ಧೈರ್ಯ ಮಾಡಿ, ಒರೆಸಿದರೆ ಹತ್ತರಲ್ಲಿ ಬಹುಪಾಲು ಓಡುತ್ತವೆ. ಡಿಸ್ಕ್ ಸಿಸ್ಟಮ್ (1986) ಎಂಬ ಫ್ಯಾಮಿಕಾಮಿನ ಫ್ಲಾಪಿ ಡಬ್ಬಿ ಮಾತ್ರ ಎಷ್ಟು ಅಗ್ಗವಾದರೂ ಬೇಡ. ಒಳಗಿನ ರಬ್ಬರ್ ಬೆಲ್ಟು ವರ್ಷಗಳಲ್ಲಿ ಕರಗಿ ಅಂಟಾಗಿರುತ್ತದೆ.

ಬೆಲೆಚೀಟಿಯಲ್ಲಿ ಹುಡುಕಬೇಕಾದ ಮಾತುಗಳು ಮೂರು, ಅಂಗಡಿಯವರನ್ನೇ ಕೇಳಬಹುದು. "ದೋಸಾ ಕಕುನಿನ್ ಜುಮಿ" ಅಂದರೆ ಓಡಿಸಿ ನೋಡಿದ್ದೇವೆ. "ಹಾಕೊ ಸೆತ್ಸು" ಅಂದರೆ ಡಬ್ಬಿಯೂ ಮಾಹಿತಿ ಪುಸ್ತಕವೂ ಇದೆ. ಇದಿದ್ದರೆ ಬೆಲೆ ಹಲವು ಪಟ್ಟು. "ಹದಕಾ" ಅಂದರೆ ಬೆತ್ತಲೆ, ಕ್ಯಾಸೆಟ್ ಮಾತ್ರ. ನಮಗೆ ಬೇಕಿರುವುದು ಬೆತ್ತಲೆಯೇ. ಮಾಮೂಲಿ ಫ್ಯಾಮಿಕಾಮ್ ಆಟಗಳು ಸಾವಿರ ಯೆನ್ನಿನ ಒಳಗೆ ಸಿಗುತ್ತವೆ, ಕಾಂಟ್ರಾದಂಥವು ದುಬಾರಿ. ತೆರಿಗೆ ವಿನಾಯಿತಿ ಇರುವ ಅಂಗಡಿಗಳೂ ಇವೆ, ಪ್ರವಾಸಿ ವೀಸಾದಲ್ಲಿ ಬಂದಿದ್ದರೆ ಪಾಸ್‌ಪೋರ್ಟ್ ಜೇಬಿನಲ್ಲಿರಲಿ.

ಇನ್ನೊಂದು ಬಗೆಯ ಕ್ಯಾಸೆಟ್ ಅಗ್ಗಕ್ಕೆ ಸಿಗುತ್ತದೆ, ನನಗಂತೂ ಅದೇ ಇಷ್ಟ: ಹೆಸರು ಬರೆದಿರುವುದು. ಆಗಿನ ಮಕ್ಕಳು ಗೆಳೆಯರಿಗೆ ಕೊಟ್ಟ ಕ್ಯಾಸೆಟ್ ಅದಲು ಬದಲಾಗದಿರಲಿ ಅಂತ ಹಿಂದೆ ಕಪ್ಪು ಮಾರ್ಕರಿನಲ್ಲಿ ಹೆಸರು ಬರೆಯುತ್ತಿದ್ದರು. ಸಂಗ್ರಹಕಾರರಿಗೆ ಅದು ಕಳಂಕ, ಬೆಲೆ ಇಳಿಯುತ್ತದೆ. ನಾನು ನಕಾನೊದಲ್ಲಿ ಕೊಂಡ ಬ್ಯಾಟಲ್ ಸಿಟಿಯ ಬೆನ್ನಿಗೆ ಹಿರಾಗನಾ ಎಂಬ ಜಪಾನಿ ಅಕ್ಷರದಲ್ಲಿ ಒಂದು ಮಗುವಿನ ಹೆಸರು, ಅದರ ಮುಂದೆ "2-3". ಎರಡನೇ ತರಗತಿ, ಮೂರನೇ ಸೆಕ್ಷನ್. ಒಂದು ಅಕ್ಷರ ತಿರುಗಾಮುರುಗಾ ಬರೆದಿದೆ. ನಮ್ಮ ಓಣಿಯ ಅಂಗಡಿಯವನೂ ಹೀಗೇ, ಕಾದ ಮೊಳೆಯಿಂದ ಕ್ಯಾಸೆಟ್ಟಿನ ಪ್ಲಾಸ್ಟಿಕ್ಕಿನ ಮೇಲೆ ತನ್ನ ಇನಿಷಿಯಲ್ ಕೊರೆಯುತ್ತಿದ್ದ.

ಊರಿಗೆ ಒಯ್ಯುವ ಯೋಚನೆ ಇದ್ದರೆ ನನ್ನ ಪೆದ್ದುತನ ಕೇಳಿ. ಹಳೇ ಕೆಂಪು-ಬಿಳಿ ಫ್ಯಾಮಿಕಾಮ್ ಕೊಂಡು, ಬಟ್ಟೆಯಲ್ಲಿ ಸುತ್ತಿ, ದಾವಣಗೆರೆಗೆ ತಂದು, ಅದರದೇ ಅಡಾಪ್ಟರನ್ನು ಹಾಲ್‌ನ ಪ್ಲಗ್ಗಿಗೆ ಹಾಕಿದೆ. ಜಪಾನಿನದು 100 ವೋಲ್ಟ್, ನಮ್ಮದು 230. "ಟಪ್" ಅಂದಿತು, ಸುಟ್ಟ ವಾಸನೆ ಬಂತು. ಅಪ್ಪ ಪೇಪರಿನಿಂದ ತಲೆ ಎತ್ತದೆ, "ಆರು ವರ್ಷ ದುಡಿದು ಇದನ್ನ ತಂದ್ಯೇನೋ" ಅಂದರು. ಪುಣ್ಯಕ್ಕೆ ಸತ್ತದ್ದು ಅಡಾಪ್ಟರ್ ಮಾತ್ರ. ಸರಿಯಾದ ಅಡಾಪ್ಟರ್ ಸಿಕ್ಕಿದ ಮೇಲೂ ಚಿತ್ರ ಬರಲಿಲ್ಲ. ಹಳೇ ಫ್ಯಾಮಿಕಾಮ್ ಚಿತ್ರ ಕಳಿಸುವುದು ಆಂಟೆನಾ ವೈರಿನಲ್ಲಿ, ಜಪಾನಿನ ಚಾನೆಲ್ 1 ಅಥವಾ 2ಕ್ಕೆ. ನಮ್ಮ ಟಿವಿಗೆ ಆ ಚಾನೆಲ್ ಗೊತ್ತೇ ಇಲ್ಲ. ಆದ್ದರಿಂದ ಕೊಳ್ಳುವುದಾದರೆ 1993ರ ಡಿಸೆಂಬರಿನಲ್ಲಿ ಬಂದ, ಕೆಂಪು-ಬಿಳಿ ಅಲ್ಲದ, ಎವಿ ಪಿನ್ನಿರುವ ಹೊಸ ಫ್ಯಾಮಿಕಾಮ್ ಕೊಳ್ಳಿ, ಇಲ್ಲವೇ 1990ರ ಸೂಪರ್ ಫ್ಯಾಮಿಕಾಮ್. ಯಾವ ತಾಪತ್ರಯವೂ ಬೇಡ ಅಂದರೆ ಗೇಮ್ ಬಾಯ್. ಅದಕ್ಕೆ ದೇಶದ ಬೀಗ ಇಲ್ಲ (ಯಾವ ದೇಶದ ಕ್ಯಾಸೆಟ್ಟಾದರೂ ಓಡುತ್ತದೆ), ಕರೆಂಟೂ ಬೇಡ, ನಾಲ್ಕು ಪೆನ್ಸಿಲ್ ಸೆಲ್ ಸಾಕು. ಒಂದೇ ಕೊರತೆ: ಆಟವನ್ನು ಉಳಿಸಿಟ್ಟು ಮುಂದುವರಿಸುವ ಕ್ಯಾಸೆಟ್ಟುಗಳ ಒಳಗಿನ ಬಟನ್ ಸೆಲ್ ಇಷ್ಟು ಹೊತ್ತಿಗೆ ಸತ್ತಿರಬಹುದು. ಬೆಸುಗೆ ಬಿಚ್ಚಿ ಹೊಸದು ಹಾಕುವ ಕೆಲಸ ಮೊಬೈಲ್ ರಿಪೇರಿಯವರಿಗೆ ಹತ್ತು ನಿಮಿಷದ್ದು.

ಯಂತ್ರವನ್ನೇ ಕೊಳ್ಳದೆ ಕ್ಯಾಸೆಟ್ ಮಾತ್ರ ತರುವ ದಾರಿಯೂ ಇದೆ. ನಿಮ್ಮ ಅಟ್ಟದ ಮೇಲೆ ಹಳೇ ಟಿವಿ ಗೇಮ್ ಡಬ್ಬಿ ಇದ್ದರೆ ಇಳಿಸಿ ನೋಡಿ. ಅದೇ 60 ಪಿನ್. ಅಡಾಪ್ಟರ್ ಸುಟ್ಟ ದಿನ ಸಂಜೆ ನನ್ನ ತಮ್ಮ ಅದನ್ನೇ ಮಾಡಿದ. ಆ ಜಪಾನಿ ಮಗುವಿನ ಬ್ಯಾಟಲ್ ಸಿಟಿ ನಮ್ಮ ನಕಲು ಡಬ್ಬಿಗೆ ಬಿಗಿಯಾಗಿ ಕೂತಿತು, ಓಡಿತು. ಅಪ್ಪ ಪೇಪರ್ ಮಡಿಸಿದರು.

ಗೇಮ್ ಬಾರ್ ಬಗ್ಗೆ ಎರಡು ಮಾತು

ಕುಡಿಯುತ್ತ ಹಳೇ ಗೇಮ್ ಆಡುವ ಬಾರುಗಳೂ ಟೋಕಿಯೊದಲ್ಲಿವೆ. ನಾಲ್ಕು ಜನ ಗೆಳೆಯರಿಗೆ ಸೊಗಸು, ಒಬ್ಬರೇ ಹೋದರೆ ಬಿಲ್ಲು ನೋಡಿ ಬೇಜಾರು. 2018ರಲ್ಲಿ ಕ್ಯೋಟೊ, ಕೋಬೆ ಕಡೆಯ ಗೇಮ್ ಬಾರಿನವರನ್ನು ಪೊಲೀಸರು ಕಾಪಿರೈಟ್ ಕಾನೂನಿನಡಿ ಬಂಧಿಸಿದರು. ಗಿರಾಕಿಗಳಿಗಾಗಿ ಪರದೆಯ ಮೇಲೆ ಆಟ ತೋರಿಸಲು ಕಂಪನಿಯ ಅನುಮತಿ ಬೇಕು ಅನ್ನುವುದು ತಕರಾರು. ಆಮೇಲೆ ಎಷ್ಟೋ ಬಾರುಗಳು ಮುಚ್ಚಿದವು. ಉಳಿದವು ಯಾವ ದಿನ ಏನಾಗುವುದೋ ಹೇಳಲಾಗದು. ಅದಕ್ಕೇ ಇಲ್ಲಿ ಹೆಸರು ಕೊಟ್ಟಿಲ್ಲ.

ಒಂದೇ ಶನಿವಾರ ಇದ್ದರೆ

ಬೆಳಗ್ಗೆ ಹನ್ನೊಂದರ ಹೊತ್ತಿಗೆ ಅಕಿಹಬರಾ, ಅಂಗಡಿಗಳು ಬಾಗಿಲು ತೆಗೆಯುವುದೇ ಆಗ. ನಿಶಿಕಸಾಯ್ ಕಡೆಯಿಂದ ಬರುವವರು ಕಯಾಬಾಚೊದಲ್ಲಿ ಇಳಿದು ಹಿಬಿಯಾ ಲೈನ್ ಹಿಡಿಯಿರಿ. ಪೊಟೇಟೊ ಅರ್ಧ ಗಂಟೆ, ಹೇ ಒಂದು ಗಂಟೆ. ಸಾವಿರ ಯೆನ್ನಿನ ನೋಟು ಕೊಟ್ಟು ಚಿಲ್ಲರೆ ಪಡೆಯುವ ಯಂತ್ರ ಎಲ್ಲ ಮಹಡಿಯಲ್ಲೂ ಇರುತ್ತದೆ. ಎರಡು ನೋಟು ಮಾತ್ರ ಮುರಿಸಿ, ಉಳಿದದ್ದು ಪರ್ಸಿನಲ್ಲೇ ಇರಲಿ. ಅಲ್ಲಿಂದ ಹಳದಿ ಪಟ್ಟಿಯ ರೈಲು ನೇರ ನಕಾನೊಗೆ. ಮಧ್ಯಾಹ್ನ ಬ್ರಾಡ್‌ವೇ. ಸಂಜೆಯಾಗುತ್ತಲೇ ತೋಜಾಯ್ ಲೈನಿನಲ್ಲಿ ಎರಡೇ ಸ್ಟೇಷನ್, ತಕಾದನೊಬಾಬಾ, ಮಿಕಾಡೊ. ಸಸ್ಯಾಹಾರಿಗಳು ನಕಾನೊದಲ್ಲೇ ಏನಾದರೂ ತಿಂದುಕೊಳ್ಳಿ. ತಕಾದನೊಬಾಬಾದ ರಾಮೆನ್ ಅಂಗಡಿಗಳಲ್ಲಿ ನಿಮಗೆ ಸಿಗುವುದು ನೀರು ಮಾತ್ರ. ಸಂಜೆ ಒಂದೇ ಬಿಡುವಿದ್ದರೆ ಮಿಕ್ಕದ್ದೆಲ್ಲ ಬಿಟ್ಟು ಮಿಕಾಡೊ ಒಂದಕ್ಕೇ ಹೋಗಿ.

ಮೊಬೈಲಿನಲ್ಲಿ ಹನ್ನೊಂದೂವರೆಗೆ ಒಂದು ಅಲಾರಂ ಇಟ್ಟುಕೊಳ್ಳಿ. ನಡುರಾತ್ರಿ ಹೊತ್ತಿಗೆ ಆರ್ಕೇಡ್ ಮುಚ್ಚುತ್ತದೆ, ಕೊನೆಯ ರೈಲೂ ಆಸುಪಾಸು ಅದೇ ಹೊತ್ತಿಗೆ. ನಾನು ಒಮ್ಮೆ "ಇನ್ನೊಂದೇ ಒಂದು" ಅಂತ ಕೂತು ತಪ್ಪಿಸಿಕೊಂಡೆ. ತಕಾದನೊಬಾಬಾದಿಂದ ನಿಶಿಕಸಾಯ್‌ಗೆ ಟ್ಯಾಕ್ಸಿಗೆ ಕೊಟ್ಟ ದುಡ್ಡಿನಲ್ಲಿ ಎಂಬತ್ತು ಆಟ ಆಡಬಹುದಿತ್ತು. ಆ ಲೆಕ್ಕವನ್ನು ಹಿಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಮೀಟರ್ ನೋಡುತ್ತ ಹಾಕಿದೆ.